ಕಡಪ ಕಲ್ಲಿನ ಮೇಲೆ ಲಿಂಬೆ, ಒರೆಗಲ್ಲಿನ ಮೇಲೆ ಚಿನ್ನ

ಅಮ್ಮನ ಅಡುಗೆಮನೆಯ ಕಟ್ಟೆ ಕಡಪ ಕಲ್ಲಿನದು. ಕಪ್ಪಗೆ ಹೊಳೆಯುವ ಕಲ್ಲು. ಒಂದು ರಾತ್ರಿ ಹಿಂಡಿದ ಲಿಂಬೆಹೋಳು ಅದರ ಮೇಲೆ ಬೋರಲಾಗಿ ಉಳಿದುಬಿಟ್ಟಿತ್ತು. ಬೆಳಿಗ್ಗೆ ತೆಗೆದರೆ ಅಲ್ಲೊಂದು ಮಂಕಾದ ಬಿಳಿ ಉಂಗುರ. ಸೋಪು ಹಾಕಿ ಉಜ್ಜಿದೆವು, ತೆಂಗಿನ ನಾರು ಹಾಕಿ ತಿಕ್ಕಿದೆವು. ಹೋಗಲಿಲ್ಲ. ಬೆರಳಾಡಿಸಿ ನೋಡಿದರೆ ತರಿ ತರಿ. ಅದು ಕಲೆಯಾಗಿದ್ದರೆ ತಾನೇ ಹೋಗುವುದು? ಅಲ್ಲಿ ಕಲ್ಲೇ ಒಂದು ಪದರ ಕರಗಿತ್ತು.

ಅದೇ ಅಡುಗೆಮನೆಯ ಮೂಲೆಯಲ್ಲಿ ಅಜ್ಜಿಯ ಕಾಲದ ಒಂದು ಕಲ್ಲಿನ ಮರಿಗೆ ಇದೆ. ಬಳಪದ ಕಲ್ಲಿನದು. ಉಗುರಿನಲ್ಲಿ ಗೀರಿದರೆ ಗೆರೆ ಬೀಳುವಷ್ಟು ಮೆತ್ತಗಿನ ಕಲ್ಲು. ವರ್ಷಗಟ್ಟಲೆ ಅದರಲ್ಲಿ ಹುಳಿ, ಮಜ್ಜಿಗೆ, ಉಪ್ಪಿನಕಾಯಿ ಇಟ್ಟಿದ್ದಾರೆ. ಅದಕ್ಕೆ ಏನೂ ಆಗಿಲ್ಲ.

ಗಟ್ಟಿ ಕಲ್ಲು ಲಿಂಬೆಗೆ ಸೋತಿತು, ಮೆತ್ತಗಿನ ಕಲ್ಲು ಗೆದ್ದಿತು. ಲೋಹಗಳಲ್ಲೂ ಇದೇ ಕಥೆ. ಕಬ್ಬಿಣ ಎಷ್ಟು ಗಟ್ಟಿ! ಆಮ್ಲದಲ್ಲಿ ಇಟ್ಟರೆ ಕರಗಿ ಹೋಗುತ್ತದೆ. ಅಪ್ಪಟ ಚಿನ್ನವನ್ನು ಕೈಯಲ್ಲೇ ಬಗ್ಗಿಸಬಹುದು, ಆದರೆ ಅದೇ ಆಮ್ಲ ಅದನ್ನು ಮುಟ್ಟುವುದೂ ಇಲ್ಲ. ಗಟ್ಟಿತನ ಬೇರೆ, ಆಮ್ಲಕ್ಕೆ ಬಗ್ಗದಿರುವುದು ಬೇರೆ. ಒಂದು ವಸ್ತುವಿನಲ್ಲಿ ತನಗೆ ಹಿಡಿಯಲು ಏನು ಸಿಗುತ್ತದೆ ಅನ್ನುವುದಷ್ಟೇ ಆಮ್ಲಕ್ಕೆ ಮುಖ್ಯ.

ಹಾಗಾದರೆ ಆಮ್ಲದ ಕೈಯಲ್ಲಿ ಏನಿದೆ? ಜಲಜನಕ, ಅಂದರೆ ಹೈಡ್ರೋಜನ್. ಅದೂ ತನ್ನ ಎಲೆಕ್ಟ್ರಾನ್ ಕಳೆದುಕೊಂಡು ಬೇರೊಂದನ್ನು ಹಿಡಿಯಲು ಹಾತೊರೆಯುವ ಹೈಡ್ರೋಜನ್. ಲಿಂಬೆ, ವಿನೆಗರ್, ಬ್ಯಾಟರಿಯ ಆ್ಯಸಿಡ್, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಎಲ್ಲದರಲ್ಲೂ ಕೆಲಸ ಮಾಡುವುದು ಇದೇ. ಇಲ್ಲಿ ನಮ್ಮ ಭಾಷೆಯ ಒಂದು ಪದದ ಬಗ್ಗೆ ಹೇಳಲೇಬೇಕು. ಆಕ್ಸಿಜನ್ನನ್ನು ನಾವು ಆಮ್ಲಜನಕ ಅನ್ನುತ್ತೇವೆ, ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದಲ್ಲಿ. ಫ್ರಾನ್ಸಿನ ಲವಾಸಿಯೇ 18ನೇ ಶತಮಾನದಲ್ಲಿ ಹಾಗೆ ನಂಬಿ ಆ ಹೆಸರಿಟ್ಟ. ನಾವು ಅದನ್ನೇ ಕನ್ನಡಕ್ಕೆ ತಂದುಕೊಂಡೆವು. ಆದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ಇಂಗ್ಲೆಂಡಿನ ಹಂಫ್ರಿ ಡೇವಿ 1810ರ ಹೊತ್ತಿಗೆ ಇದನ್ನು ತೋರಿಸಿಕೊಟ್ಟ. ನಿಜವಾಗಿ ಆಮ್ಲದ ಜನಕ ಹೈಡ್ರೋಜನ್ನೇ.

ಮೊದಲು ಕಲ್ಲುಗಳ ವಿಷಯ. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ. ಕಲಬುರಗಿ ಕಡೆಯ ಶಹಾಬಾದ್ ಪರ್ಸಿಯೂ ಅದೇ ಜಾತಿ. ಅಮೃತಶಿಲೆ ಕೂಡ ಅದೇ, ಭೂಮಿಯೊಳಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿಕೊಂಡ ಸುಣ್ಣದ ಕಲ್ಲು. ಇವೆಲ್ಲದರ ಮುಖ್ಯ ಸರಕು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪು, ಕಡಲ ಚಿಪ್ಪು, ಮುತ್ತು ಕೂಡ ಇದರಿಂದಲೇ ಆದವು.

ಈ ಕಾರ್ಬೊನೇಟ್ ಅನ್ನುವ ಭಾಗ ಹೈಡ್ರೋಜನ್ನಿಗೆ ಸುಲಭದ ತುತ್ತು. ಎರಡೂ ಸೇರಿದ ಕೂಡಲೇ ಕಾರ್ಬೊನಿಕ್ ಆಮ್ಲ ಆಗುತ್ತದೆ. ಅದು ನಿಲ್ಲುವುದಿಲ್ಲ, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಗ್ಯಾಸು ಗುಳ್ಳೆಯಾಗಿ ಹಾರಿಹೋಗುತ್ತದೆ. ಹಾರಿಹೋದದ್ದು ವಾಪಸ್ ಬರುವುದಿಲ್ಲವಲ್ಲ, ಹಾಗಾಗಿ ಕೆಲಸ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಉಳಿದ ಕ್ಯಾಲ್ಸಿಯಂ ಆಮ್ಲದ ಇನ್ನರ್ಧದ ಜೊತೆ ಸೇರಿಕೊಳ್ಳುತ್ತದೆ. ಕಲ್ಲು ಇದ್ದ ಜಾಗದಲ್ಲಿ ಸಣ್ಣ ಗುಳಿ ಉಳಿಯುತ್ತದೆ. ಅಮ್ಮನ ಕಟ್ಟೆಯ ಮೇಲಿನ ಉಂಗುರ ಅದೇ.

ಭೂವಿಜ್ಞಾನಿಗಳು ಹೊರಗೆ ಹೊರಟರೆ ಸುತ್ತಿಗೆಯ ಜೊತೆ ಒಂದು ಪುಟ್ಟ ಬಾಟಲಿ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಸುಮಾರು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲ. ಕಲ್ಲಿನ ಮೇಲೆ ಒಂದು ಹನಿ ಬಿಟ್ಟು ನೋಡುತ್ತಾರೆ. ಬುಸ್ ಎಂದು ನೊರೆ ಉಕ್ಕಿದರೆ ಸುಣ್ಣದ ಕಲ್ಲು. ಸುಮ್ನೆ ಇದ್ದರೆ ಅಲ್ಲಿಗೇ ಬಿಡುವುದಿಲ್ಲ, ಚಾಕುವಿನಿಂದ ಕೆರೆದು ಪುಡಿ ಮಾಡಿ ಅದರ ಮೇಲೆ ಇನ್ನೊಂದು ಹನಿ ಬಿಡುತ್ತಾರೆ. ಆಗ ಮೆಲ್ಲಗೆ ಗುಳ್ಳೆ ಬಂದರೆ ಅದು ಡೋಲೊಮೈಟ್. ಅದರಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಷಿಯಂ ಕೂಡ ಇರುತ್ತದೆ, ಹಾಗಾಗಿ ಆಮ್ಲಕ್ಕೆ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಪುಡಿ ಮಾಡಿದಾಗ ಆಮ್ಲ ಮುಟ್ಟುವ ಮೈ ಜಾಸ್ತಿಯಾಗುವುದರಿಂದ ಮಾತ್ರ ಗುಳ್ಳೆ ಕಾಣುತ್ತದೆ. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತ ಸುಣ್ಣದ ಕಲ್ಲೂ ಇದೆ, ಡೋಲೊಮೈಟೂ ಇದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು. ಒಂದು ಹನಿ ಎರಡನ್ನೂ ಬೇರೆ ಮಾಡಿಬಿಡುತ್ತದೆ.

ಮನೆಯಲ್ಲಿ ಇದನ್ನು ನೋಡಲು ಲಿಂಬೆರಸವೇ ಸಾಕು. ರಂಗೋಲಿ ಪುಡಿಯ ಮೇಲೆ ಒಂದು ಹನಿ ಬಿಡಿ. ಗುಳ್ಳೆ ಬಂದರೆ ಅದು ಅಮೃತಶಿಲೆಯಂಥ ಕಾರ್ಬೊನೇಟ್ ಕಲ್ಲಿನ ಪುಡಿ, ಬರದಿದ್ದರೆ ಬೆಣಚುಕಲ್ಲಿನಂಥ ಬೇರೆ ಏನೋ. ಎಲೆ ಅಡಿಕೆಯ ಸುಣ್ಣ ಇನ್ನೂ ಚೆನ್ನಾದ ಪಾಠ. ಹೊಸ ಸುಣ್ಣಕ್ಕೆ ಲಿಂಬೆ ಹಿಂಡಿದರೆ ಗುಳ್ಳೆ ಕಾಣುವುದೇ ಕಷ್ಟ, ಯಾಕೆಂದರೆ ಅದರಲ್ಲಿರುವುದು ಹೈಡ್ರಾಕ್ಸೈಡ್, ಹಾರಿಹೋಗಲು ಗ್ಯಾಸೇ ಇಲ್ಲ. ಡಬ್ಬಿಯ ಅಂಚಿಗೆ ಒಣಗಿ ಕೂತ ಹಳೆಯ ಸುಣ್ಣ ಗುಳ್ಳೆ ಬಿಡುತ್ತದೆ. ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಅದು ಮತ್ತೆ ಕಲ್ಲಾಗಿರುತ್ತದೆ.

ಸಿಮೆಂಟೂ ಈ ಬಳಗದ್ದೇ. ಅದನ್ನು ಮಾಡುವುದೇ ಸುಣ್ಣದ ಕಲ್ಲು ಸುಟ್ಟು. ಕಲಬುರಗಿ ಜಿಲ್ಲೆಯಲ್ಲಿ ಅಷ್ಟೊಂದು ಸಿಮೆಂಟ್ ಕಾರ್ಖಾನೆ ಇರುವುದು ಅಲ್ಲಿನ ನೆಲದೊಳಗಿನ ಸುಣ್ಣದ ಕಲ್ಲಿನಿಂದ. ಹಾಗಾಗಿ ಟೈಲ್ಸ್ ಹಾಕಿದ ಮೇಲೆ ಕಲೆ ತೆಗೆಯಲು ಆ್ಯಸಿಡ್ ಸುರಿದರೆ ಕಲೆಯ ಜೊತೆ ಸಂದಿಯ ಸಿಮೆಂಟೂ ಹೋಗುತ್ತದೆ. ಹಳೆಯ ಮನೆಗಳ ಮೊಸಾಯಿಕ್ ನೆಲ, ರೆಡ್ ಆಕ್ಸೈಡ್ ನೆಲ ಎರಡಕ್ಕೂ ಆ್ಯಸಿಡ್ ಶತ್ರು. ಮೊಸಾಯಿಕ್‌ನಲ್ಲಿ ಅಮೃತಶಿಲೆಯ ಚೂರುಗಳಿವೆ, ರೆಡ್ ಆಕ್ಸೈಡ್ ನೆಲ ಅಂದರೆ ಬಣ್ಣ ಹಾಕಿದ ಸಿಮೆಂಟು. ಅಂಥ ನೆಲ ಇರುವವರು ದಯವಿಟ್ಟು ಆ್ಯಸಿಡ್ ಬಾಟಲಿ ದೂರ ಇಡಿ.

ಇನ್ನು ಗ್ರಾನೈಟ್. ಹಂಪಿಯ ಬಂಡೆಗಳು ಗ್ರಾನೈಟ್. ಲಾಲ್‌ಬಾಗಿನ ಬಂಡೆ ಅದಕ್ಕೆ ಹತ್ತಿರದ ನೈಸ್ ಎಂಬ ಕಲ್ಲು, ಸುಮಾರು 300 ಕೋಟಿ ವರ್ಷ ಹಳೆಯದು. ಇವುಗಳಲ್ಲಿ ಕಾರ್ಬೊನೇಟ್ ಇಲ್ಲ. ಬದಲಿಗೆ ಸಿಲಿಕಾನ್ ಮತ್ತು ಆಕ್ಸಿಜನ್ ಒಂದಕ್ಕೊಂದು ಕೈ ಹಿಡಿದು ಎಲ್ಲಾ ದಿಕ್ಕಿಗೂ ಹೆಣೆದ ಬಲೆ ಇದೆ. ಹೈಡ್ರೋಜನ್ ಬಂದು ತಟ್ಟಿದರೂ ಆ ಹಿಡಿತ ಬಿಡುವುದಿಲ್ಲ, ಗ್ಯಾಸಾಗಿ ಹಾರಿಹೋಗುವ ಭಾಗವೂ ಅದರಲ್ಲಿಲ್ಲ. ಅದಕ್ಕೇ ಗ್ರಾನೈಟ್ ಕಟ್ಟೆಯ ಮೇಲೆ ಲಿಂಬೆ ರಾತ್ರಿಯೆಲ್ಲ ಇದ್ದರೂ ಕಲ್ಲಿಗೆ ಏನೂ ಆಗುವುದಿಲ್ಲ.

ಅಜ್ಜಿಯ ಮರಿಗೆಯ ಗುಟ್ಟೂ ಇದೇ. ಬಳಪದ ಕಲ್ಲು ಮೆತ್ತಗಿರುವುದು ಅದರೊಳಗಿನ ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ. ಆದರೆ ಒಂದೊಂದು ಹಾಳೆಯೂ ಸಿಲಿಕಾನ್ ಆಕ್ಸಿಜನ್ ಹೆಣಿಗೆಯೇ. ಉಗುರು ಹಾಳೆಗಳನ್ನು ಜಾರಿಸಬಲ್ಲದು, ಆಮ್ಲ ಹಾಳೆಯನ್ನು ಬಿಚ್ಚಲಾರದು. ಬೇಲೂರು ಹಳೇಬೀಡಿನ ಶಿಲ್ಪಿಗಳು ಇದೇ ಬಗೆಯ ಕಲ್ಲನ್ನು ಆರಿಸಿದ್ದು ಉಳಿ ಸುಲಭವಾಗಿ ಓಡಲಿ ಎಂದು. ಆಮ್ಲಕ್ಕೆ ಬಗ್ಗದ ಗುಣ ಜೊತೆಗೆ ಬಂತು. ಅಮೆರಿಕದ ಹಳೆಯ ರಸಾಯನಶಾಸ್ತ್ರ ಲ್ಯಾಬುಗಳಲ್ಲಿ ಮೇಜಿನ ಹಾಸನ್ನು ಬಳಪದ ಕಲ್ಲಿನಿಂದ ಮಾಡುತ್ತಿದ್ದರು, ಆಮ್ಲ ಚೆಲ್ಲಿದರೂ ಹಾಳಾಗಬಾರದು ಎಂದು. ಅವರು ಲ್ಯಾಬಿಗೆ ಆರಿಸಿದ ಕಲ್ಲನ್ನೇ ನಮ್ಮ ಅಜ್ಜಿಯರು ಹುಳಿಗೆ ಆರಿಸಿದ್ದರು. ನನಗೆ ಇದು ನೆನಪಾದಾಗಲೆಲ್ಲ ಖುಷಿಯಾಗುತ್ತದೆ.

ಆ ಬಲೆಯನ್ನು ಬಿಚ್ಚುವ ಆಮ್ಲ ಒಂದಿದೆ, ಹೈಡ್ರೋಫ್ಲೋರಿಕ್. ಅದರಲ್ಲಿನ ಫ್ಲೋರಿನ್ ಸಿಲಿಕಾನನ್ನು ಆಕ್ಸಿಜನ್‌ಗಿಂತ ಬಿಗಿಯಾಗಿ ಹಿಡಿಯುತ್ತದೆ. ಗಾಜೂ ಸಿಲಿಕಾದಿಂದ ಆದದ್ದೇ ಆದ್ದರಿಂದ ಈ ಆಮ್ಲವನ್ನು ಗಾಜಿನ ಬಾಟಲಿಯಲ್ಲಿ ಇಡುವಂತಿಲ್ಲ, ಪ್ಲಾಸ್ಟಿಕ್ಕೇ ಬೇಕು. ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಕಿತ್ತುಕೊಳ್ಳುವ, ಪ್ರಾಣವನ್ನೇ ತೆಗೆಯಬಲ್ಲ ಆಮ್ಲ ಇದು.

ಇನ್ನೊಂದು ಆಮ್ಲ ತುಂಬಾ ಸೌಮ್ಯ, ಆದರೆ ಅದಕ್ಕೆ ಅವಸರವಿಲ್ಲ. ಅದು ಮಳೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರೂ ಸ್ವಲ್ಪ ಹುಳಿಯೇ, ಹುಳಿಯ ಅಳತೆಯಾದ ಪಿಎಚ್ (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಅದಕ್ಕೆ ಸುಮಾರು 5.6. ಸುಣ್ಣದ ಕಲ್ಲಿನ ನಾಡಿನಲ್ಲಿ ಈ ನೀರು ಬಿರುಕಿನಲ್ಲಿ ಇಳಿದು ಕಲ್ಲನ್ನು ಕರಗಿಸಿ ಗುಹೆ ಕೊರೆಯುತ್ತದೆ. ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಗ್ಯಾಸು ಬಿಟ್ಟುಕೊಟ್ಟು, ಕರಗಿದ ಕಲ್ಲನ್ನು ಮತ್ತೆ ಅಲ್ಲೇ ಇಳಿಸುತ್ತದೆ. ದಾಂಡೇಲಿ ಬಳಿಯ ಕವಳಾ ಗುಹೆಯಲ್ಲಿ, ಆಂಧ್ರದ ಬೊರ್ರಾ ಗುಹೆಯಲ್ಲಿ ಲಿಂಗದಂತೆ ಎದ್ದುನಿಂತ ಕಲ್ಲುಗಳು ಹೀಗೆ ಹನಿ ಹನಿಯಾಗಿ ಬೆಳೆದವು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ಅದೂ ಇದೇ ಕೆಲಸ. ಲಿಂಬೆರಸ ಹಾಕಿದರೆ ಬಿಟ್ಟುಬರುತ್ತದೆ.

ಮಳೆಗೆ ಗ್ರಾನೈಟೂ ಕೊನೆಗೆ ಸೋಲುತ್ತದೆ, ಲಕ್ಷಾಂತರ ವರ್ಷದಲ್ಲಿ. ಅದರಲ್ಲಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಮಣ್ಣಾಗುತ್ತದೆ. ಕರಾವಳಿಯಂತೆ ಮಳೆ ಜೋರಾಗಿರುವಲ್ಲಿ ಸಿಲಿಕಾ ಕೂಡ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡು ಮಾತ್ರ ಉಳಿಯುತ್ತದೆ. ಮನೆ ಕಟ್ಟುವ ಕೆಂಪು ಮುರಕಲ್ಲು ಅಂದರೆ ಅದೇ. ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ.

ಈಗ ಲೋಹಗಳಿಗೆ ಬರೋಣ. ಸತುವಿನ ಚೂರನ್ನು ಆಮ್ಲಕ್ಕೆ ಹಾಕಿದರೂ ಗುಳ್ಳೆ ಬರುತ್ತದೆ. ಸುಣ್ಣದ ಕಲ್ಲಿನಿಂದ ಬಂದ ಗುಳ್ಳೆಯಂತೆಯೇ ಕಾಣುತ್ತದೆ, ಆದರೆ ಎರಡೂ ಪೂರ್ತಿ ಬೇರೆ. ಕಲ್ಲಿನ ಗುಳ್ಳೆಗೆ ಉರಿಯುವ ಕಡ್ಡಿ ಹಿಡಿದರೆ ಕಡ್ಡಿ ಆರುತ್ತದೆ. ಲೋಹದ ಗುಳ್ಳೆಗೆ ಹಿಡಿದರೆ ಟಪ್ ಎಂದು ಸಿಡಿಯುತ್ತದೆ. ಮೊದಲನೆಯದು ಕಾರ್ಬನ್ ಡೈಆಕ್ಸೈಡ್, ಎರಡನೆಯದು ಹೈಡ್ರೋಜನ್. ಹೆನ್ರಿ ಕ್ಯಾವೆಂಡಿಶ್ 1766ರಲ್ಲಿ ಸತು, ಕಬ್ಬಿಣ, ತವರಗಳನ್ನು ಆಮ್ಲಕ್ಕೆ ಹಾಕಿ ಈ ಉರಿಯುವ ಗಾಳಿಯನ್ನು ಹಿಡಿದು ವಿವರಿಸಿದ. ಇಂಥ ಪ್ರಯೋಗವನ್ನು ಶಾಲೆಯ ಲ್ಯಾಬಿನಲ್ಲಿ ಮೇಷ್ಟ್ರ ಮುಂದೆ ಮಾತ್ರ ಮಾಡಬೇಕು.

ಕಲ್ಲಿನಲ್ಲಿ ಆಮ್ಲ ಕಾರ್ಬೊನೇಟನ್ನು ಹಿಡಿಯಿತು. ಲೋಹದಲ್ಲಿ ಅದು ಹಿಡಿಯುವುದು ಎಲೆಕ್ಟ್ರಾನನ್ನು. ಲೋಹದ ಪರಮಾಣು ಎಲೆಕ್ಟ್ರಾನ್ ಕೊಡುತ್ತದೆ, ಆಮ್ಲದ ಹೈಡ್ರೋಜನ್ ತೆಗೆದುಕೊಂಡು ಗ್ಯಾಸಾಗುತ್ತದೆ, ಕೊಟ್ಟ ಲೋಹ ನೀರಿನಲ್ಲಿ ಕರಗುತ್ತದೆ. ಯಾವ ಲೋಹ ಎಷ್ಟು ಸುಲಭವಾಗಿ ಕೊಡುತ್ತದೆ ಎಂಬುದಕ್ಕೆ ಒಂದು ಸಾಲು ಇದೆ. ಪೊಟ್ಯಾಷಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ತವರ, ಸೀಸ. ಆಮೇಲೆ ಹೈಡ್ರೋಜನ್ ತಾನೇ ನಿಂತಿದೆ. ಅದರ ಕೆಳಗೆ ತಾಮ್ರ, ಬೆಳ್ಳಿ, ಚಿನ್ನ. ಹೈಡ್ರೋಜನ್ನಿಗಿಂತ ಮೇಲಿರುವವು ಕೊಡುತ್ತವೆ. ಕೆಳಗಿರುವವು ಎಲೆಕ್ಟ್ರಾನನ್ನು ಬಿಗಿಯಾಗಿ ಹಿಡಿದುಕೊಂಡಿವೆ, ಬರೀ ಹೈಡ್ರೋಜನ್ ಕೇಳಿದರೆ ಕೊಡುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ತಾಮ್ರ ಆಮ್ಲಕ್ಕೆ ಬಗ್ಗುವುದಿಲ್ಲ ಅಂದಮೇಲೆ, ಹುಣಸೆಹಣ್ಣು ಹಾಕಿ ತಿಕ್ಕಿದರೆ ತಾಮ್ರದ ಚೊಂಬು ಹೊಳೆಯುವುದು ಹೇಗೆ? ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಅದು ತೆಗೆಯುವುದು ತಾಮ್ರವನ್ನಲ್ಲ, ಮೇಲಿನ ಮಂಕು ಪದರವನ್ನು. ಆ ಪದರದಲ್ಲಿನ ತಾಮ್ರ ತನ್ನ ಎಲೆಕ್ಟ್ರಾನನ್ನು ಆಗಲೇ ಗಾಳಿಯ ಆಕ್ಸಿಜನ್ನಿಗೆ ಕೊಟ್ಟು ಮುಗಿಸಿದೆ. ಆಮ್ಲ ಅದರಿಂದ ಏನನ್ನೂ ಕಿತ್ತುಕೊಳ್ಳಬೇಕಾಗಿಲ್ಲ, ಸುಮ್ನೆ ಆಕ್ಸಿಜನ್ನನ್ನು ಬಿಡಿಸಿಕೊಂಡರೆ ಸಾಕು.

ಹಾಗೆ ನೋಡಿದರೆ ಕಲ್ಲುಗಳದ್ದೂ ಇದೇ ಸ್ಥಿತಿ. ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಒಂದು ಲೋಹ. ಸಂಡೂರಿನ ಅದಿರಿನಲ್ಲಿರುವುದು ಕಬ್ಬಿಣ. ಬಹುಪಾಲು ಕಲ್ಲುಗಳು ಎಲೆಕ್ಟ್ರಾನ್ ಕೊಟ್ಟು ಮುಗಿಸಿದ ಲೋಹಗಳ ಮನೆ. ಅದಕ್ಕೇ ಲೋಹವನ್ನು ಆಮ್ಲಕ್ಕೆ ಹಾಕಿದಾಗ ಹೈಡ್ರೋಜನ್ ಬರುತ್ತದೆ, ಕಲ್ಲನ್ನು ಹಾಕಿದಾಗ ಬರುವುದಿಲ್ಲ.

ಹಾಗೆಂದು ತಾಮ್ರದ ಪಾತ್ರೆಯಲ್ಲಿ ಹುಳಿ ಇಡಬಹುದೇ? ಖಂಡಿತ ಇಡಬಾರದು. ಗಾಳಿ ತಾಗಿದಲ್ಲೆಲ್ಲ ಪದರ ಕಟ್ಟುತ್ತದೆ, ಆಮ್ಲ ಅದನ್ನು ಕರಗಿಸುತ್ತದೆ, ಬರಿಯಾದ ತಾಮ್ರದ ಮೇಲೆ ಮತ್ತೆ ಪದರ. ಹೀಗೆ ತಾಮ್ರ ಅಡುಗೆಗೆ ಇಳಿಯುತ್ತಲೇ ಹೋಗುತ್ತದೆ. ಅದೇ ಕಿಲುಬು, ಹೊಟ್ಟೆಗೆ ಹೋದರೆ ವಾಂತಿ. ಹಿಂದಿನವರು ಅದಕ್ಕಾಗಿಯೇ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಒಳಗಡೆ ಕಲಾಯಿ ಹಾಕಿಸುತ್ತಿದ್ದರು, ಅಂದರೆ ತವರದ ತೆಳುವಾದ ಲೇಪ. ಕಲಾಯಿಯವರು ಕೆಂಡದ ಮೇಲಿಟ್ಟ ಪಾತ್ರೆಗೆ ನವಸಾಗರದ ಪುಡಿ ಉದುರಿಸುವುದನ್ನು ನೋಡಿದ್ದೀರಾ? ಬುಗ್ಗೆಂದು ಬಿಳಿ ಹೊಗೆ ಏಳುತ್ತದೆ. ನವಸಾಗರ ಬಿಸಿಗೆ ಒಡೆದು ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬಿಡುತ್ತದೆ. ಆ ಆವಿ ತಾಮ್ರದ ಮೇಲಿನ ಆಕ್ಸೈಡನ್ನು ತಿಂದುಹಾಕುತ್ತದೆ. ಹಾಗೆ ಶುದ್ಧವಾದ ಲೋಹದ ಮೇಲೆ ಮಾತ್ರ ಕರಗಿದ ತವರ ಅಂಟಿಕೊಂಡು ಹರಡುತ್ತದೆ. ಬೀದಿಬದಿಯ ಒಲೆಯ ಮುಂದೆ ಕೂತು ಅವರು ಮಾಡುತ್ತಿದ್ದುದು ಅಪ್ಪಟ ರಸಾಯನಶಾಸ್ತ್ರ.

ಅಲ್ಯೂಮಿನಿಯಂ ಆ ಸಾಲಿನಲ್ಲಿ ಕಬ್ಬಿಣಕ್ಕಿಂತಲೂ ಮೇಲಿದೆ. ಲೆಕ್ಕದ ಪ್ರಕಾರ ಅದು ಕಬ್ಬಿಣಕ್ಕಿಂತ ಬೇಗ ಹಾಳಾಗಬೇಕು, ಅಲ್ವಾ? ಆದರೆ ಅದು ಗಾಳಿಗೆ ತೆರೆದ ಕ್ಷಣದಲ್ಲೇ ಒಂದು ಆಕ್ಸೈಡ್ ಅಂಗಿ ತೊಟ್ಟುಕೊಳ್ಳುತ್ತದೆ. ಕಬ್ಬಿಣದ ತುಕ್ಕು ಉದುರಿಹೋಗುತ್ತದೆ, ಈ ಅಂಗಿ ಮೈಗೆ ಅಂಟಿಕೊಂಡಿರುತ್ತದೆ. ಹುಳಿ ಪದಾರ್ಥ ಕುದಿಸಿದರೆ ಅಂಗಿ ತೆಳುವಾಗಿ ಅಲ್ಯೂಮಿನಿಯಂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಕಪ್ಪಾದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆ ಕುದಿಸಿದರೆ ಒಳಗೆಲ್ಲ ಬೆಳ್ಳಗಾಗುವುದು ಇದಕ್ಕೇ. ಆದರೆ ಗಾಢವಾದ ನೈಟ್ರಿಕ್ ಆಮ್ಲ ಈ ಅಂಗಿಯನ್ನು ಇನ್ನೂ ಗಟ್ಟಿ ಮಾಡುತ್ತದೆ. ಹಾಗಾಗಿ ಆ ಭಯಂಕರ ಆಮ್ಲವನ್ನು ಅಲ್ಯೂಮಿನಿಯಂ ಟ್ಯಾಂಕಿನಲ್ಲೇ ಸಾಗಿಸಬಹುದು.

ಸ್ಟೇನ್‌ಲೆಸ್ ಸ್ಟೀಲಿನದ್ದು ಕ್ರೋಮಿಯಂ ಕೊಟ್ಟ ಅಂಗಿ. ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಸ್ಟೀಲಿಗೆ ಅದು ದಕ್ಕುತ್ತದೆ. ಈ ಅಂಗಿಗೆ ಲಿಂಬೆ, ಮೊಸರು ಏನೂ ಮಾಡುವುದಿಲ್ಲ. ಅದಕ್ಕೆ ತೂತು ಕೊರೆಯುವುದು ಕ್ಲೋರೈಡು. ಟಾಯ್ಲೆಟ್ ಆ್ಯಸಿಡ್ ಅಂದರೆ ಹೈಡ್ರೋಕ್ಲೋರಿಕ್, ಅದರಲ್ಲಿ ಆಮ್ಲವೂ ಇದೆ, ಕ್ಲೋರೈಡೂ ಇದೆ. ಸ್ಟೀಲ್ ಸಿಂಕಿಗೆ ಅದನ್ನು ಹಾಕಿದರೆ ಚುಕ್ಕೆ ಚುಕ್ಕೆ ಗುಳಿ ಬೀಳುತ್ತದೆ. ಬಾತ್‌ರೂಮಿನಲ್ಲಿ ಮುಚ್ಚಳ ಸಡಿಲವಾದ ಬಾಟಲಿ ಇಟ್ಟರೂ ಸಾಕು, ಅದರ ಆವಿಗೆ ನಲ್ಲಿ, ಚಿಲಕಗಳೆಲ್ಲ ತುಕ್ಕು ಹಿಡಿಯುತ್ತವೆ. ಇನ್ನೊಂದು ಮಾತು. ಆ ಆ್ಯಸಿಡ್ಡಿನ ಜೊತೆ ಬ್ಲೀಚಿಂಗ್ ಪುಡಿಯನ್ನು ಎಂದೂ ಸೇರಿಸಬೇಡಿ. ಏಳುವುದು ಕ್ಲೋರಿನ್ ಗ್ಯಾಸು, ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರೇ ಕಟ್ಟುತ್ತದೆ.

ಅಂಗಿಯ ಕಥೆ ಕಲ್ಲಿಗೂ ಇದೆ. ಅಮೃತಶಿಲೆಯ ಚೂರಿಗೆ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಮೊದಲು ನೊರೆ ಬಂದು, ಸ್ವಲ್ಪ ಹೊತ್ತಿಗೆ ನಿಂತೇಹೋಗುತ್ತದೆ. ಅಲ್ಲಿ ಹುಟ್ಟುವ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ, ನೀರಿನಲ್ಲಿ ಹೆಚ್ಚು ಕರಗದೆ ಮೇಲೆ ಪದರವಾಗಿ ಕೂರುತ್ತದೆ. ಕಾರಿನ ಬ್ಯಾಟರಿಯಲ್ಲಿ ಸೀಸ ವರ್ಷಗಟ್ಟಲೆ ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಯೂ ಕರಗಿಹೋಗದಿರುವುದು ಇಂಥದೇ ಪದರದಿಂದ, ಅಲ್ಲಿನದು ಸೀಸದ ಸಲ್ಫೇಟ್. ಆದರೆ ಕಟ್ಟಡದ ಅಮೃತಶಿಲೆಗೆ ಈ ಜಿಪ್ಸಂ ರಕ್ಷಣೆ ಕೊಡುವುದಿಲ್ಲ. ಮಳೆ ಬಂದಾಗ ಅದು ತೊಳೆದುಹೋಗುತ್ತದೆ, ಮಳೆ ತಾಗದ ಕಡೆ ಧೂಳು ಮಸಿ ಹಿಡಿದು ಕಪ್ಪು ಹೊಪ್ಪಳೆಯಾಗಿ ಏಳುತ್ತದೆ. ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಬರುವ ಗಂಧಕದ ಹೊಗೆ ಗಾಳಿಯಲ್ಲಿ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ತಾಜಮಹಲಿಗೆ ಇದೇ ಭಯ. ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಆಗ್ರಾ ಸುತ್ತಿನ ನೂರಾರು ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಜಾಗ ಬಿಡಬೇಕು ಎಂದದ್ದು ಆ ಕಲ್ಲು ಉಳಿಯಲಿ ಎಂದೇ.

ಉಳಿದದ್ದು ಚಿನ್ನ. ತಾಮ್ರ, ಬೆಳ್ಳಿಗಳು ಹೈಡ್ರೋಜನ್ನಿಗೆ ಎಲೆಕ್ಟ್ರಾನ್ ಕೊಡಲಿಲ್ಲ. ಆದರೆ ನೈಟ್ರಿಕ್ ಆಮ್ಲದಲ್ಲಿ ನೈಟ್ರೇಟ್ ಎಂಬ ಇನ್ನೊಂದು ಭಾಗವಿದೆ. ಅದು ಹೈಡ್ರೋಜನ್ನಿಗಿಂತ ಜೋರಾಗಿ ಎಲೆಕ್ಟ್ರಾನ್ ಕೀಳುತ್ತದೆ. ತಾಮ್ರ ಹಸಿರು ನೀಲಿಯಾಗಿ ಕರಗುತ್ತದೆ, ಮೇಲೆ ಕಂದು ಹೊಗೆ ಏಳುತ್ತದೆ. ಬೆಳ್ಳಿಯೂ ಕರಗುತ್ತದೆ. ಚಿನ್ನ ಮಾತ್ರ ಹಾಗೇ ಕೂತಿರುತ್ತದೆ.

ಅದನ್ನೂ ಕರಗಿಸುವುದು ಅಕ್ವಾ ರೆಜಿಯಾ, ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್. ಎರಡೂ ಬೇರೆ ಬೇರೆಯಾಗಿ ಸೋಲುತ್ತವೆ, ಸೇರಿದರೆ ಗೆಲ್ಲುತ್ತವೆ. ನೈಟ್ರಿಕ್ ಚಿನ್ನದ ಒಂದೆರಡು ಪರಮಾಣುಗಳಿಂದ ಹೇಗೋ ಎಲೆಕ್ಟ್ರಾನ್ ಕೀಳುತ್ತದೆ. ಅವು ತಕ್ಷಣ ವಾಪಸ್ ಚಿನ್ನವಾಗಿಬಿಡಬೇಕು, ಆದರೆ ಪಕ್ಕದಲ್ಲೇ ಇರುವ ಕ್ಲೋರೈಡುಗಳು ನಾಲ್ಕು ಕಡೆಯಿಂದ ಅವನ್ನು ಹಿಡಿದು ಎಳೆದುಕೊಂಡು ಹೋಗುತ್ತವೆ. ಜಾಗ ಖಾಲಿಯಾದಂತೆ ನೈಟ್ರಿಕ್ ಇನ್ನೆರಡನ್ನು ಕೀಳುತ್ತದೆ. 1940ರಲ್ಲಿ ಜರ್ಮನ್ ಸೇನೆ ಕೋಪನ್‌ಹೇಗನ್ನಿಗೆ ನುಗ್ಗಿದಾಗ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರ ಚಿನ್ನದ ನೊಬೆಲ್ ಪದಕಗಳಿದ್ದವು. ಅವು ಸೈನಿಕರ ಕೈಗೆ ಸಿಗಬಾರದೆಂದು ಅಲ್ಲಿದ್ದ ರಸಾಯನಶಾಸ್ತ್ರಜ್ಞ ಜಾರ್ಜ್ ಡಿ ಹೆವೆಸಿ ಎರಡನ್ನೂ ಅಕ್ವಾ ರೆಜಿಯಾದಲ್ಲಿ ಕರಗಿಸಿ, ಆ ದ್ರಾವಣವನ್ನು ಶೆಲ್ಫಿನ ಮೇಲೆ ಇಟ್ಟುಬಿಟ್ಟರು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಯುದ್ಧ ಮುಗಿದ ಮೇಲೆ ಅದರಿಂದಲೇ ಚಿನ್ನ ತೆಗೆದು ನೊಬೆಲ್ ಪ್ರತಿಷ್ಠಾನ ಪದಕಗಳನ್ನು ಮತ್ತೆ ಎರಕ ಹೊಯ್ಯಿಸಿಕೊಟ್ಟಿತು.

ನಮ್ಮ ಅಕ್ಕಸಾಲಿಗರು ಇದೇ ಗುಣವನ್ನು ದಿನವೂ ಬಳಸುತ್ತಾರೆ. ಒಡವೆಯನ್ನು ಒರೆಗಲ್ಲಿಗೆ ಉಜ್ಜಿ ಗೆರೆ ಎಳೆಯುತ್ತಾರೆ. ಪಕ್ಕದಲ್ಲಿ ಗೊತ್ತಿರುವ ಚಿನ್ನದ ಇನ್ನೊಂದು ಗೆರೆ. ಎರಡರ ಮೇಲೂ ನೈಟ್ರಿಕ್ ಆಮ್ಲ ಸವರುತ್ತಾರೆ. ಹಿತ್ತಾಳೆಯಾಗಿದ್ದರೆ ಹಸಿರು ನೊರೆಯಾಗಿ ಗೆರೆ ಮಾಯ. ತಾಮ್ರ ಜಾಸ್ತಿ ಬೆರೆತಿದ್ದರೆ ಗೆರೆ ಮಸುಕಾಗುತ್ತದೆ. ಹೆಚ್ಚು ಕ್ಯಾರೆಟ್ಟಿನ ಚಿನ್ನವನ್ನು ನೋಡಬೇಕಾದರೆ ನೈಟ್ರಿಕ್‌ಗೆ ಸ್ವಲ್ಪ ಹೈಡ್ರೋಕ್ಲೋರಿಕ್ ಬೆರೆಸಿಕೊಳ್ಳುತ್ತಾರೆ.

ಒರೆಗಲ್ಲು ಯಾವ ಕಲ್ಲು ಗೊತ್ತೇ? ನುಣುಪಾದ ಕಪ್ಪು ಕಲ್ಲು, ಬಹುಪಾಲು ಸಿಲಿಕಾ. ಅಮ್ಮನ ಅಡುಗೆ ಕಟ್ಟೆಯೂ ನುಣುಪೇ, ಕಪ್ಪೇ. ಆದರೆ ಅದರ ಮೇಲೆ ಚಿನ್ನ ಒರೆದು ಆಮ್ಲ ಬಿಟ್ಟರೆ ಗೆರೆಯ ಅಡಿಯ ಕಲ್ಲೇ ನೊರೆಯುಕ್ಕಿ, ಅಪ್ಪಟ ಚಿನ್ನದ ಗೆರೆಯೂ ಎದ್ದುಹೋಗುತ್ತದೆ. ಒರೆಗಲ್ಲಿನ ಮೇಲೆ ಗೆರೆ ಅಳಿಸಿದರೆ ಅದು ಲೋಹದ ತಪ್ಪೇ. ಅಕ್ಕಸಾಲಿಗರು ಆಮ್ಲ ಒರೆಸಿ ನೋಡುವ ಹೊತ್ತಿಗೆ ಅಲ್ಲಿ ಉಳಿದಿರುವುದು ಎರಡೇ, ಕಪ್ಪು ಕಲ್ಲು ಮತ್ತು ಅದರ ಮೇಲೆ ಹಳದಿ ಗೆರೆ.